ಹಳೆ ಅರದಿಂದ ಲೇತ್ ಉಳಿ ಮಾಡಬಹುದಾ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕಳೆದ ವರ್ಷ ಮರ ಕಡೆಯುವ ಸಣ್ಣ ಲೇತ್ ತಗೊಂಡೆ. ಜೊತೆಗೆ ಬಂದ ಮೂರು ಉಳಿ ಸಾಲುತ್ತಿಲ್ಲ. ಒಳ್ಳೆಯ ಉಳಿಗಳ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಮನೆಯಲ್ಲಿ ಅಪ್ಪನ ಕಾಲದ ಅರಗಳು (ಫೈಲುಗಳು) ಬಹಳ ಇವೆ. ಲಾರಿಯ ಕಮಾನು ಪಟ್ಟಿಯೂ ಸಿಗುತ್ತದೆ. ಇವನ್ನು ಸಾಣೆ ಹಿಡಿದು ನಾನೇ ಉಳಿ ಮಾಡಿಕೊಳ್ಳಬಹುದಾ? ನನ್ನ ಗೆಳೆಯ ಹಾಗೆ ಮಾಡಿದ ಉಳಿ ಕೆಲಸದ ನಡುವೆ ಪಟ್ ಅಂತ ಮುರಿಯಿತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಕ್ಕನ್ನು ಮನೆಯಲ್ಲೇ ಹದ ಮಾಡಲು ಆಗುತ್ತದಾ? ಮುರಿದ ಆ ಅರದ ಎರಡೂ ತುಂಡು ನನ್ನ ಹತ್ತಿರವೇ ಇವೆ. ಅವುಗಳಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಉಳಿ ನೀವೇ ಮಾಡಿಕೊಳ್ಳಬಹುದು. ಆದರೆ ಅರವನ್ನು ಇದ್ದ ಹಾಗೇ ಸಾಣೆ ಹಿಡಿದು ಲೇತ್ ಮುಂದೆ ಒಡ್ಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು. ಅದರಲ್ಲಿ ಬಹುಪಾಲು ಉಕ್ಕು ಕಾಯಿಸುವುದು, ತಣಿಸುವುದು, ಹದ ಮಾಡುವುದು. ಮನೆಯಲ್ಲಿ ಮರ ಕಡೆಯುವ ಹವ್ಯಾಸ ಆಮೇಲೆ ಬಂತು. ನಿಮ್ಮ ಗೆಳೆಯರಿಗೆ ಆದದ್ದು ನನಗೂ ಆಗಿದೆ. 12 ಇಂಚಿನ ಹಳೆ ಅರ ಒಂದನ್ನು ಉಳಿ ಮಾಡಿ ಒಣಗಿದ ಹುಣಸೆ ತುಂಡಿಗೆ ಇಟ್ಟೆ. ಎರಡು ನಿಮಿಷ ಚೆನ್ನಾಗಿ ಕೆತ್ತಿತು. ಮೂರನೇ ನಿಮಿಷಕ್ಕೆ ಗಾಜು ಒಡೆದ ಸದ್ದು. ಟೂಲ್ ರೆಸ್ಟ್‌ನಿಂದ (ಉಳಿಯನ್ನು ಊರಿ ಹಿಡಿಯುವ ಪಟ್ಟಿ) ಆಚೆ ಇದ್ದ ಭಾಗ ಮುರಿದು ಕಿವಿಯ ಪಕ್ಕದಿಂದ ಹಾರಿ ಹಿಂದಿನ ಗೋಡೆಯ ಗಾರೆಗೆ ನಾಟಿಕೊಂಡಿತ್ತು. ಅವತ್ತು ಮುಖಕ್ಕೆ ಶೀಲ್ಡ್ ಇರಲಿಲ್ಲ. ಆ ತುಂಡನ್ನು ಗೋಡೆಯಿಂದ ಕಿತ್ತಾಗ ಕೈ ನಡುಗುತ್ತಿತ್ತು. ಉಕ್ಕಿನ ವಿಷಯ ಗೊತ್ತಿದ್ದೂ ಅವಸರ ಮಾಡಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುರಿದದ್ದು ಯಾಕೆ? ಅರದ ಕೆಲಸವೇ ಕಬ್ಬಿಣ ಉಜ್ಜುವುದು. ಆದ್ದರಿಂದ ಅದನ್ನು ಬಹಳ ಗಡಸು ಮಾಡಿರುತ್ತಾರೆ. ಅದರಲ್ಲಿ ಇಂಗಾಲ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ರಾಕ್‌ವೆಲ್ ಸಿ ಅಳತೆಯಲ್ಲಿ ಗಡಸುತನ 62ರಿಂದ 65ರವರೆಗೆ ಬರುತ್ತದೆ. ಇಷ್ಟು ಗಡಸು ಇರುವ ಸಾದಾ ಇಂಗಾಲದ ಉಕ್ಕು ಬಾಗುವುದಿಲ್ಲ, ಒಡೆಯುತ್ತದೆ. ಅರಕ್ಕೆ ಅದು ತೊಂದರೆಯಲ್ಲ, ಅದನ್ನು ಯಾರೂ ಬಾಗಿಸುವುದಿಲ್ಲ. ಲೇತ್ ಉಳಿಯ ಕಥೆ ಬೇರೆ.

ಸ್ವಲ್ಪ ಲೆಕ್ಕ ನೋಡಿ. 200 ಮಿ.ಮೀ. ಅಗಲದ ಬಟ್ಟಲಿನ ಮರ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ ಅದರ ಅಂಚು ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 37 ಕಿ.ಮೀ. ಹತ್ತಿರ. ಆ ವೇಗದಲ್ಲಿ ಒಂದು ಗಂಟು ಉಳಿಯ ಬಾಯಿಗೆ ಸಿಕ್ಕರೆ ಅದು ಬಾಯಿಯನ್ನು ಕೆಳಕ್ಕೆ ಜಗ್ಗುತ್ತದೆ. ಟೂಲ್ ರೆಸ್ಟ್ ಮೀಟುಗೋಲಿನ ಆಧಾರದ ಹಾಗೆ ನಿಲ್ಲುತ್ತದೆ. ಬಾಯಿ ರೆಸ್ಟ್‌ನಿಂದ 25 ಮಿ.ಮೀ. ಮುಂದಿದ್ದರೆ ಒಂದು ಲೆಕ್ಕ. 75 ಮಿ.ಮೀ. ಮುಂದಿದ್ದರೆ ಅದೇ ಜಗ್ಗಾಟಕ್ಕೆ ಉಳಿಯ ಮೇಲೆ ಮೂರು ಪಟ್ಟು ಬಾಗುವ ಒತ್ತಡ. ಅರದ ಹಲ್ಲುಗಳ ಬುಡದಲ್ಲಿ ನೂರಾರು ಸಣ್ಣ ಗೀರುಗಳು ಇರುತ್ತವೆ ಅಲ್ವಾ? ಬಿರುಕು ಶುರುವಾಗುವುದು ಅಲ್ಲೇ.

ಬರೀ ಗಡಸು ಇದ್ದರೆ ಸಾಲದು, ಹದ ಬೇಕು. ಈ ಮಾತು ನಿಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು ಪಾಕದ ಬಣ್ಣ, ಗುಳ್ಳೆ ನೋಡುತ್ತಾ ಇರುತ್ತಾರೆ. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ಗಳಿಗೆ ತಡವಾದರೆ ಸೀದು ಹೋಗುತ್ತದೆ. ಉಕ್ಕೂ ಹಾಗೆಯೇ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಾಗ ಗಡಸು ಬರುತ್ತದೆ. ಆಮೇಲೆ ಇನ್ನೊಮ್ಮೆ ಸಣ್ಣಗೆ ಬಿಸಿ ಮಾಡಿದಾಗ ಹದ ಬರುತ್ತದೆ. ಗಡಸುತನವನ್ನು ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುತ್ತೇವೆ.

ಈಗ ನಿಮ್ಮ ಎಚ್‌ಎಸ್‌ಎಸ್ ಪ್ರಶ್ನೆ. ಮನೆಯಲ್ಲಿ ಅದನ್ನು ಹದ ಮಾಡಲು ಆಗುವುದಿಲ್ಲ, ಮಾಡುವ ಅಗತ್ಯವೂ ಇಲ್ಲ. ಹೈ ಸ್ಪೀಡ್ ಸ್ಟೀಲ್‌ನಲ್ಲಿ ಇಂಗಾಲದ ಜೊತೆ ಟಂಗ್‌ಸ್ಟನ್, ಮಾಲಿಬ್ಡಿನಮ್, ಕ್ರೋಮಿಯಂ, ವೆನೇಡಿಯಂ ಇರುತ್ತವೆ. ಎಂ2 ಅನ್ನುವ ಸಾಮಾನ್ಯ ದರ್ಜೆಯಲ್ಲಿ ಟಂಗ್‌ಸ್ಟನ್ ಸುಮಾರು ಶೇ. 6, ಮಾಲಿಬ್ಡಿನಮ್ ಶೇ. 5, ಕ್ರೋಮಿಯಂ ಶೇ. 4, ವೆನೇಡಿಯಂ ಶೇ. 2. ಇವೆಲ್ಲ ಕರಗಿ ಕೂಡಬೇಕಾದರೆ 1200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಬೇಕು. ಅದೂ ಕೆಲವೇ ಡಿಗ್ರಿ ಹೆಚ್ಚು ಕಡಿಮೆ ಆಗದ ಹಾಗೆ. ಆಮೇಲೆ 550 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ಸಲ ಹದ ಮಾಡಬೇಕು. ಕುಲುಮೆಯಲ್ಲಿ ಕಣ್ಣಂದಾಜಿನಿಂದ ಇದು ಸಾಧ್ಯವಿಲ್ಲ.

ಆದರೆ ಅದೇ 550 ಡಿಗ್ರಿ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಅಷ್ಟು ಬಿಸಿಯಲ್ಲಿ ಹದ ಆಗಿ ಬಂದ ಉಕ್ಕು ಗ್ರೈಂಡರ್ ಮೇಲೆ 300 ಡಿಗ್ರಿಗೆ ಹೋದರೆ ಏನೂ ಕೆಡುವುದಿಲ್ಲ. ಫ್ರೆಡ್ರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಅಮೆರಿಕದ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಕಂಡುಕೊಂಡ ಗುಟ್ಟು ಇದೇ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಉಳಿಯ ತುದಿ ಕೆಂಪಗೆ ಕಾದಿದ್ದರೂ ಉಕ್ಕನ್ನು ಕತ್ತರಿಸುತ್ತಿತ್ತು. ನೋಡಿದವರು ದಂಗಾಗಿದ್ದರು. ವೇಗವಾಗಿ ಕತ್ತರಿಸಿದರೂ ಬಾಯಿ ಹೋಗದ ಉಕ್ಕು ಅಂತಲೇ ಹೈ ಸ್ಪೀಡ್ ಅನ್ನುವ ಹೆಸರು.

ಹಾಗಾಗಿ ನನ್ನ ಸಲಹೆ ಇದು. ಕಾರ್ಖಾನೆಯಲ್ಲೇ ಗಡಸು ಮಾಡಿ ಹದ ಮಾಡಿದ ಎಚ್‌ಎಸ್‌ಎಸ್ ಟೂಲ್ ಬಿಟ್ ಕೊಂಡುಕೊಳ್ಳಿ. ಕಬ್ಬಿಣ ಕಡೆಯುವ ಲೇತ್‌ನವರು ಬಳಸುವ ಚೌಕ ಅಥವಾ ದುಂಡನೆಯ ತುಂಡು ಅದು. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ ಕೈಗಾರಿಕಾ ವಸಾಹತಿನ ಕಡೆ ವಿಚಾರಿಸಿ. ಬೆಳಗಾವಿಯಾದರೆ ಉದ್ಯಮಬಾಗ್, ಬೆಂಗಳೂರಾದರೆ ಪೀಣ್ಯ. ಟೂಲ್ ಅಂಗಡಿಯಲ್ಲಿ ಟೂಲ್ ಬಿಟ್ ಅಂದರೆ ಸಾಕು. ಅದನ್ನು ಕಾಯಿಸುವ ಮಾತೇ ಇಲ್ಲ. ಬೇಕಾದ ಆಕಾರಕ್ಕೆ ಸಾಣೆ ಹಿಡಿದು ಒಂದು ಮೆತು ಕಬ್ಬಿಣದ ಸರಳಿಗೆ ಕೂರಿಸಿದರೆ ಉಳಿ ಆಯಿತು. ಬಾಯಿ ಗಡಸು, ಮೈ ಮೆತು. ದೊಡ್ಡ ಜಗ್ಗಾಟ ಬಂದರೆ ಸರಳು ಸ್ವಲ್ಪ ಬಾಗಬಹುದು. ಮುರಿದು ಮುಖಕ್ಕೆ ಹಾರುವುದಿಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. 16 ಮಿ.ಮೀ. ಚೌಕದ ಎಂಎಸ್ (ಮೆತು ಕಬ್ಬಿಣ) ಸರಳು, ಉದ್ದ 350 ಮಿ.ಮೀ. ದುಂಡು ಸರಳೂ ಆಗುತ್ತದೆ, ಆದರೆ ಅದು ರೆಸ್ಟ್ ಮೇಲೆ ಹೊರಳುತ್ತದೆ. ಕಲಿಯುವವರಿಗೆ ಚೌಕವೇ ಒಳ್ಳೆಯದು. ಸರಳಿನ ತುದಿಯಲ್ಲಿ ನಡುಮಧ್ಯಕ್ಕೆ 8.5 ಮಿ.ಮೀ. ರಂಧ್ರ, 35 ಮಿ.ಮೀ. ಆಳ. 6 ಮಿ.ಮೀ. ಚೌಕದ ಟೂಲ್ ಬಿಟ್ ಮೂಲೆಯಿಂದ ಮೂಲೆಗೆ ಅಷ್ಟೇ ಇರುವುದರಿಂದ ದುಂಡು ರಂಧ್ರದಲ್ಲೇ ಬಿಗಿಯಾಗಿ ಕೂರುತ್ತದೆ. ಮೇಲಿನಿಂದ ಎರಡು 5 ಮಿ.ಮೀ. ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಹಾಕಿ ಬಿಗಿ ಮಾಡಿ. ನಿಮ್ಮ ಹತ್ತಿರ ಕಂಬದ ಡ್ರಿಲ್ ಇಲ್ಲದಿದ್ದರೆ ಶಿರಸಿಯ ಯಾವುದಾದರೂ ಲೇತ್ ವರ್ಕ್‌ಶಾಪ್‌ನಲ್ಲಿ ಮಾಡಿಕೊಡುತ್ತಾರೆ. ಬಿಟ್ ಹೊರಗೆ 15 ಮಿ.ಮೀ.ಗಿಂತ ಜಾಸ್ತಿ ಚಾಚದಿರಲಿ.

ಬಿಟ್ಟನ್ನು ವೆಲ್ಡ್ ಮಾಡೋಣ, ಬ್ರೇಜಿಂಗ್ (ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಯುವುದು) ಮಾಡೋಣ ಅಂತ ಕೆಲವರು ಹೇಳುತ್ತಾರೆ. ಬೇಡ. ಬ್ರೇಜಿಂಗ್‌ನ ಬಿಸಿ 600 ಡಿಗ್ರಿ ದಾಟುತ್ತದೆ. ಅಲ್ಲಿಗೆ ಕಾರ್ಖಾನೆಯವರು ಮಾಡಿದ ಹದ ಹೋಗುತ್ತದೆ. ಸ್ಕ್ರೂ ಇದ್ದರೆ ಬಿಟ್ ಸವೆದಾಗ ಬದಲಿಸುವುದೂ ಸುಲಭ.

12 ಮಿ.ಮೀ. ಚೌಕದ, 150 ಮಿ.ಮೀ. ಉದ್ದದ ಬಿಟ್ ಸಿಕ್ಕರೆ ಸರಳೂ ಬೇಡ. 40 ಮಿ.ಮೀ.ಯಷ್ಟನ್ನು ನೇರ ಹಿಡಿಯೊಳಗೆ ಕೂರಿಸಿ, ತುದಿಗೆ ಇಳಿಜಾರು ಸಾಣೆ ಹಿಡಿದರೆ ಮಣಿ, ಗೆರೆ, ಸಣ್ಣ ಕಾಲುಗಳನ್ನು ಕಡೆಯಲು ಸೊಗಸಾದ ಉಳಿ. ಮರ ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಉಳಿಗೆ ಇನ್ನೊಂದು ಒಳ್ಳೆಯ ಮೂಲ ಇದೆ. ವರ್ಕ್‌ಶಾಪ್‌ಗಳಲ್ಲಿ ಪವರ್ ಹ್ಯಾಕ್ಸಾ ಬ್ಲೇಡ್ ಹಲ್ಲು ಸವೆದ ಮೇಲೆ ಮೂಲೆಗೆ ಬಿದ್ದಿರುತ್ತದೆ. ಅದು ಪೂರ್ತಿ ಎಚ್‌ಎಸ್‌ಎಸ್ ಆಗಿದ್ದರೆ ಚಿನ್ನ. ಸುಮಾರು 2 ಮಿ.ಮೀ. ದಪ್ಪ, ಮರ ಹಾಳಾಗುವುದು ಕಡಿಮೆ. ಆದರೆ ಬೈಮೆಟಲ್ ಬ್ಲೇಡ್ ಆದರೆ ಹಲ್ಲಿನ ಅಂಚು ಮಾತ್ರ ಎಚ್‌ಎಸ್‌ಎಸ್, ಬೆನ್ನು ಸ್ಪ್ರಿಂಗ್ ಉಕ್ಕು.

ಯಾವುದು ಏನು ಅಂತ ತಿಳಿಯಲು ಕಿಡಿ ನೋಡಿ. ಗ್ರೈಂಡರ್‌ಗೆ ಲಘುವಾಗಿ ಮುಟ್ಟಿಸಿ. ಮೆತು ಕಬ್ಬಿಣದ ಕಿಡಿ ಉದ್ದದ ಗೆರೆ, ಕವಲು ಕಡಿಮೆ. ಅರದ ಕಿಡಿ ಬೆಳ್ಳಗೆ ಉರಿದು ಸುರುಸುರು ಬತ್ತಿಯ ಹಾಗೆ ತುಂಬಾ ಕವಲೊಡೆಯುತ್ತದೆ. ಎಚ್‌ಎಸ್‌ಎಸ್ ಕಿಡಿ ಮಂಕು ಕೆಂಪು, ಸಣ್ಣದು, ಸಿಡಿಯುವುದೇ ಇಲ್ಲ ಅನ್ನಬಹುದು. ಒಮ್ಮೆ ಮೂರನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಬ್ಲೇಡಿನ ಬೆನ್ನಿನ ಕಡೆಯೂ ಮುಟ್ಟಿಸಿ ನೋಡಿ, ಬೈಮೆಟಲ್ ಆದರೆ ಅಲ್ಲೇ ಗೊತ್ತಾಗುತ್ತದೆ.

ಸಾಣೆ ಹಿಡಿಯುವಾಗ ಒಂದು ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ಅರದಂಥ ಇಂಗಾಲದ ಉಕ್ಕನ್ನು ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದುತ್ತಿರಬೇಕು. ಬಾಯಿ ನೀಲಿಯಾಯಿತು ಅಂದರೆ 300 ಡಿಗ್ರಿ ಮುಟ್ಟಿತು, ಅಲ್ಲಿ ಗಡಸು ಹೋಯಿತು. ನೀಲಿ ಭಾಗ ಪೂರ್ತಿ ಹೋಗುವವರೆಗೂ ಸಾಣೆ ಹಿಡಿದು ತೆಗೆಯಬೇಕು. ಎಚ್‌ಎಸ್‌ಎಸ್ ಇದಕ್ಕೆ ಉಲ್ಟಾ. ಅದು ನೀಲಿಯಾದರೂ ಹೆದರಬೇಡಿ, ಆದರೆ ಕೈ ಸುಡುವಷ್ಟು ಕಾದಿದ್ದಾಗ ನೀರಿಗೆ ಅದ್ದಬೇಡಿ. ಬಾಯಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬರುತ್ತವೆ. ಪಕ್ಕಕ್ಕಿಟ್ಟು ತಾನಾಗೇ ಆರಲು ಬಿಡಿ. ಕಲ್ಲು ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಆಗಿರಲಿ. ಹಸಿರು ಕಲ್ಲು ಕಾರ್ಬೈಡ್ ಅನ್ನುವ ಇನ್ನೂ ಗಡಸಾದ ಉಪಕರಣಕ್ಕೆ. ಹೊಸ ಕಲ್ಲು ಹಾಕುವ ಮುಂಚೆ ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ತಟ್ಟಿ ನೋಡಿ. ಗಂಟೆಯ ಹಾಗೆ ನಾದ ಬಂದರೆ ಸರಿ. ಒಡೆದ ಮಡಕೆಯ ಸದ್ದು ಬಂದರೆ ಎಸೆದುಬಿಡಿ. ಗ್ರೈಂಡರ್ ಶುರು ಮಾಡುವಾಗ ಅದರ ಎದುರು ನಿಲ್ಲಬೇಡಿ.

ಇಷ್ಟು ಹೇಳಿದರೂ ಅಪ್ಪನ ಕಾಲದ ಅರಗಳನ್ನು ಬಿಡಲು ನಿಮಗೆ ಮನಸ್ಸು ಬರುವುದಿಲ್ಲ ಅಂತ ಗೊತ್ತು. ನನಗೂ ಬರಲಿಲ್ಲ. ಅವುಗಳನ್ನು ಸ್ಕ್ರೇಪರ್ (ಮರವನ್ನು ಹೆರೆದು ನಯ ಮಾಡುವ ಚಪ್ಪಟೆ ಉಳಿ) ಮಾಡಿ. ಅದೂ ಸಣ್ಣ ಕೆಲಸಕ್ಕೆ, ರೆಸ್ಟ್ ಮರಕ್ಕೆ ತೀರ ಹತ್ತಿರ ಇಟ್ಟು. ದಪ್ಪ ಇರುವ ದೊಡ್ಡ ಅರವನ್ನೇ ಆರಿಸಿ. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಬಿಗಿ ಎಂಟು ಪಟ್ಟಾಗುತ್ತದೆ. ಈ ಒಂದು ಲೆಕ್ಕ ಎಲ್ಲ ಉಳಿಗೂ ಅನ್ವಯಿಸುತ್ತದೆ.

ಮೊದಲು ಆ ಅರ ಪೂರ್ತಿ ಉಕ್ಕಿನದೇ ಅಂತ ನೋಡಿಕೊಳ್ಳಿ. ಕೆಲವು ಅಗ್ಗದ ಅರಗಳಲ್ಲಿ ಮೇಲ್ಮೈ ಮಾತ್ರ ಗಡಸು, ಒಳಗೆ ಮೆತು. ಒಂದು ಮೂಲೆಯನ್ನು ಆಳಕ್ಕೆ ಸಾಣೆ ಹಿಡಿದು ಒಳಗಿನ ಕಿಡಿಯೂ ಕವಲೊಡೆಯುತ್ತದೆಯೇ ನೋಡಿ. ಆಮೇಲೆ ಹದ. ಅರ ಈಗಾಗಲೇ ಗಡಸು ಇರುವುದರಿಂದ ಕುಲುಮೆ ಬೇಡ. ರೊಟ್ಟಿ, ಕೇಕು ಮಾಡುವ ಓಟಿಜಿ ಒವನ್ ಸಾಕು. ಅರದ ಎಣ್ಣೆ, ಜಿಡ್ಡು ಚೆನ್ನಾಗಿ ತೊಳೆಯಿರಿ. ಒಂದು ತಟ್ಟೆಯಲ್ಲಿ ಒಣ ಮರಳು ಹಾಕಿ ಅದರೊಳಗೆ ಅರ ಹೂತಿಡಿ. ಮರಳು ಬಿಸಿಯ ಏರಿಳಿತವನ್ನು ತಡೆಯುತ್ತದೆ. 210 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ. ಒವನ್‌ನ ತಿರುಗುಣಿ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಒಳಗಿಡುವ ಥರ್ಮಾಮೀಟರ್ ಒಂದನ್ನು ತಗೊಳ್ಳಿ. ಒಂದು ಕಡೆ ಹಲ್ಲು ತೆಗೆದು ಬೆಳ್ಳಗೆ ಉಜ್ಜಿಟ್ಟಿದ್ದರೆ ಬಣ್ಣವೂ ಕಾಣುತ್ತದೆ. ಹದವಾದ ಅರಕ್ಕೆ ಒಣಹುಲ್ಲಿನ ಬಣ್ಣ ಬಂದಿರುತ್ತದೆ.

ಆಮೇಲೆ ಎಲ್ಲ ಹಲ್ಲನ್ನೂ ಸಾಣೆ ಹಿಡಿದು ತೆಗೆಯಿರಿ. ಬುಡದ ಗೀರು ಒಂದೂ ಉಳಿಯಬಾರದು. ಕೆಳಮೈಯ ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲದಿದ್ದರೆ ರೆಸ್ಟ್ ಮೇಲೆ ಗೀರು ಬಿದ್ದು ಉಳಿ ಎಲ್ಲೆಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ಇನ್ನೊಂದು ಕೆಲಸ. ಬಾಯಿಯ ಕಡೆ ಒಂದಿಂಚನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟು, ಉಳಿದ ಮೈಯನ್ನು ಗ್ಯಾಸ್ ಟಾರ್ಚ್‌ನಿಂದ ನೀಲಿ ಬರುವವರೆಗೆ ಬಿಸಿ ಮಾಡಿ. ಬಾಯಿ ಗಡಸಾಗಿಯೇ ಉಳಿಯುತ್ತದೆ, ಮೈಗೆ ಇನ್ನಷ್ಟು ತಾಳಿಕೆ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಈ ಉಳಿಯನ್ನು ಬಟ್ಟಲಿನ ಆಳಕ್ಕೆ ಚಾಚಿ ಬಳಸಬೇಡಿ.

ಲಾರಿಯ ಕಮಾನು ಪಟ್ಟಿ ಅರದ ಹಾಗೆ ಪಟ್ ಅಂತ ಮುರಿಯುವ ಉಕ್ಕಲ್ಲ. ನಿಮ್ಮೂರಿನ ಆಚಾರಿ ಅದರಿಂದಲೇ ಕತ್ತಿ ಮಾಡುತ್ತಿರಬಹುದು. ಆದರೆ ಅದರಲ್ಲಿ ಇಂಗಾಲ ಶೇ. 0.5, 0.6ರಷ್ಟೇ. ಬಾಯಿ ಬೇಗ ಮೊಂಡಾಗುತ್ತದೆ. ಅದರ ಮೇಲೆ, ಬಳಸಿ ಬಿಟ್ಟ ಪಟ್ಟಿಯಲ್ಲಿ ಲಕ್ಷಗಟ್ಟಲೆ ಸಲ ಬಾಗಿ ಬಾಗಿ ಒಳಬಿರುಕು ಇರಬಹುದು. ಬಿರುಕಿಲ್ಲದ ಪಟ್ಟಿಯಾದರೆ ಸರಳಿನ ಬದಲು ಮೈ ಮಾಡಲು ಬಳಸಿ, ಬಾಯಿಗೆ ಬೇಡ.

ಪೂರ್ತಿ ನಾನೇ ಮಾಡಿದ್ದು ಅನ್ನುವ ಉಳಿ ಒಂದಾದರೂ ಬೇಕು ಅನ್ನಿಸಿದರೆ ಓಎಚ್‌ಎನ್‌ಎಸ್ ಉಕ್ಕು ತಗೊಳ್ಳಿ. ಎಣ್ಣೆಯಲ್ಲಿ ಗಡಸಾಗುವ, ಆಕಾರ ಹೆಚ್ಚು ಕೆಡದ ಉಕ್ಕು. ಅಚ್ಚು ಮಾಡುವವರು ಇದನ್ನೇ ಬಳಸುತ್ತಾರೆ. ಅಂಗಡಿಯಿಂದ ಬರುವಾಗ ಮೆತ್ತಗಿರುತ್ತದೆ. ಹ್ಯಾಕ್ಸಾದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ ನೆಮ್ಮದಿಯಾಗಿ ಆಕಾರ ಕೊಡಬಹುದು. ನನಗೆ ಈ ಕೆಲಸದಷ್ಟು ಇಷ್ಟ ಬೇರೆ ಇಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

25 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಪಟ್ಟಿ ಒಳ್ಳೆಯ ಸ್ಕ್ರೇಪರ್ ಆಗುತ್ತದೆ. ಆಕಾರ ಕೊಡುವಾಗ ಬಾಯಿಯನ್ನು ಪೂರ್ತಿ ಹರಿತ ಮಾಡಬೇಡಿ. ಒಂದೂವರೆ ಮಿ.ಮೀ. ದಪ್ಪ ಬಿಡಿ. ತೆಳು ಅಂಚು ತಣಿಸುವಾಗ ಸೀಳುತ್ತದೆ. ಕಾಯಿಸುವಾಗ ಮೇಲ್ಪದರದ ಇಂಗಾಲವೂ ಸುಟ್ಟು ಹೋಗುತ್ತದೆ, ಅದನ್ನು ಆಮೇಲೆ ಸಾಣೆಯಲ್ಲಿ ತೆಗೆಯಲು ಜಾಗ ಬೇಕು. ಹಿಡಿಯೊಳಗೆ ಹೋಗುವ ಬಾಲ ಮತ್ತು ಮೈ ಸೇರುವಲ್ಲಿ ಚೂಪು ಮೂಲೆ ಬೇಡ, ದುಂಡಗಿರಲಿ.

ಅದೇ ಪಟ್ಟಿಯಿಂದ ಬೆರಳಷ್ಟು ಉದ್ದದ ಮೂರು ತುಂಡು ಕೊಯ್ದಿಟ್ಟುಕೊಳ್ಳಿ. ಮೊದಲ ಪ್ರಯೋಗ ಅವುಗಳ ಮೇಲೆ. ಊರಿನಲ್ಲಿ ಕುಲುಮೆ ಇದ್ದರೆ ಅಲ್ಲಿಗೆ ಹೋಗಿ, ಆಚಾರಿಯ ಹತ್ತಿರ ಕೂತು ಕಲಿಯುವುದು ಬಹಳ ಇದೆ. ಇಲ್ಲದಿದ್ದರೆ ಇಟ್ಟಿಗೆ ಒಲೆ, ತೆಂಗಿನ ಚಿಪ್ಪಿನ ಇದ್ದಿಲು, ಒಂದು ಸಣ್ಣ ಬ್ಲೋವರ್ ಸಾಕು. ಕೆಲಸ ಮುಸ್ಸಂಜೆಯಲ್ಲಿ ಮಾಡಿ. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ಮೋಸ ಮಾಡುತ್ತದೆ. ಒಂದು ಆಯಸ್ಕಾಂತವನ್ನು ತಂತಿಗೆ ಕಟ್ಟಿ ಪಕ್ಕದಲ್ಲಿ ನೇತುಹಾಕಿ. ಉಕ್ಕು 770 ಡಿಗ್ರಿ ದಾಟಿದಾಗ ಆಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಆ ಹಂತದಿಂದ ಒಂದು ಮಟ್ಟ ಮೇಲೆ, ಸುಮಾರು 800 ಡಿಗ್ರಿ. ದಾಸವಾಳದ ಕೆಂಪು. ಕಿತ್ತಳೆ ಬಣ್ಣಕ್ಕೆ ಹೋದರೆ ಜಾಸ್ತಿಯಾಯಿತು. ಒಂದೇ ಸಮನಾದ ಕೆಂಪಿನಲ್ಲಿ ಐದು ನಿಮಿಷ ಹಿಡಿಯಿರಿ. ಇಂಗಾಲ ಉಕ್ಕಿನೊಳಗೆ ಕರಗಲು ಆ ಸಮಯ ಬೇಕು.

ಆಮೇಲೆ ನೇರ ಎಣ್ಣೆಗೆ. ಶೇಂಗಾ ಎಣ್ಣೆ ಮೂರು ಲೀಟರ್, ಆಳದ ಕಬ್ಬಿಣದ ಪಾತ್ರೆಯಲ್ಲಿ, 50-60 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣನೆ ಎಣ್ಣೆ ಮಂದವಾಗಿದ್ದು ಬಿಸಿಯನ್ನು ನಿಧಾನವಾಗಿ ಎಳೆಯುತ್ತದೆ. ಹಳೆ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ಪಟ್ಟಿಯನ್ನು ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಅಡ್ಡಡ್ಡ ಕಲಕಿದರೆ ಒಂದು ಬದಿ ಬೇಗ ತಣಿದು ಸೊಟ್ಟಗಾಗುತ್ತದೆ. ಎಣ್ಣೆ ಭಗ್ಗನೆ ಹೊತ್ತಿಕೊಳ್ಳುವುದುಂಟು. ಪಾತ್ರೆಗೆ ಸರಿಯಾಗಿ ಕೂರುವ ಕಬ್ಬಿಣದ ಮುಚ್ಚಳ, ಒಂದು ಬಕೆಟ್ ಮರಳು ಕೈಗೆಟಕುವ ಹಾಗಿರಲಿ. ನೀರು ಎರಚಲೇಬೇಡಿ. ಹುಲ್ಲಿನ ಕೊಟ್ಟಿಗೆ, ಅಡಿಕೆ ಸಿಪ್ಪೆ ರಾಶಿ ಹತ್ತಿರ ಈ ಕೆಲಸ ಬೇಡ.

ತಣಿದ ತುಂಡಿನ ಮೇಲೆ ಅರ ಎಳೆದು ನೋಡಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡಸಾಗಿದೆ. ಈಗ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಮುರಿಯಿರಿ. ಮುರಿದ ಮುಖ ಮೈದಾ ಹಿಟ್ಟಿನ ಹಾಗೆ ನುಣ್ಣಗೆ, ಬೂದಿ ಬಣ್ಣದಲ್ಲಿ ಇದ್ದರೆ ನೀವು ಗೆದ್ದಿರಿ. ದಪ್ಪ ರವೆಯ ಹಾಗೆ ಮಿನುಗಿದರೆ ಕಾಯಿಸಿದ್ದು ಜಾಸ್ತಿಯಾಗಿ ಕಣ ದೊಡ್ಡದಾಗಿದೆ. ಎರಡನೇ ತುಂಡಿನಲ್ಲಿ ಬಿಸಿ ಕಡಿಮೆ ಮಾಡಿ. ಹೊಸ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಉಕ್ಕು ತನ್ನೊಳಗೆ ಏನಾಯಿತು ಅಂತ ಆ ಮುರಿದ ಮುಖದಲ್ಲಿ ಬರೆದಿಟ್ಟಿರುತ್ತದೆ.

ಉಳಿ ತಣಿದು ಇನ್ನೂ ಕೈಗೆ ಬೆಚ್ಚಗಿರುವಾಗಲೇ ಒವನ್‌ಗೆ ಇಡಿ. ನಾಳೆ ಮಾಡೋಣ ಅಂತ ಬಿಟ್ಟರೆ ರಾತ್ರಿ ತಾನಾಗೇ ಬಿರುಕು ಬಿಡಬಹುದು. 200 ಡಿಗ್ರಿ, ಎರಡು ಗಂಟೆ, ಎರಡು ಸಲ. ಗಡಸುತನ 60ರ ಹತ್ತಿರ ನಿಲ್ಲುತ್ತದೆ. ಒವನ್ ಇಲ್ಲದಿದ್ದರೆ ಬಣ್ಣ ನೋಡಿ ಮಾಡಬೇಕು. ಬೆಳ್ಳಗೆ ಉಜ್ಜಿದ ಉಕ್ಕನ್ನು ಹಿಂದಿನಿಂದ ಬಿಸಿ ಮಾಡಿದರೆ ಬಣ್ಣ ಬಾಯಿಯ ಕಡೆ ಓಡುತ್ತಾ ಬರುತ್ತದೆ. 205ರಲ್ಲಿ ತಿಳಿ ಒಣಹುಲ್ಲು, 230ರಲ್ಲಿ ಜೇನು, 255ರಲ್ಲಿ ಕಂದು, 280ರಲ್ಲಿ ನೇರಳೆ, 300ರಲ್ಲಿ ನೀಲಿ. ಜೇನಿನ ಬಣ್ಣ ಬಾಯಿ ಮುಟ್ಟುವ ಮುಂಚೆ ನೀರಿಗೆ. ಆಲೆಮನೆಯ ಕಣ್ಣು ಬೇಕಾಗುವುದು ಇಲ್ಲೇ.

ಚನ್ನಪಟ್ಟಣದ ಮಾತನ್ನೂ ಹೇಳಬೇಕು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಆ ಊರಿನಲ್ಲಿ ಗೊಂಬೆ ಕಡೆಯುವವರ ಕೈಯಲ್ಲಿ ಸಾದಾ ಉಕ್ಕಿನ ಉಳಿಗಳನ್ನು ನೋಡಿದ್ದೇನೆ. ಅವರಿಗೆ ಆಗುವುದು ನನಗೆ ಯಾಕೆ ಆಗಬಾರದು ಅಂತ ನೀವು ಕೇಳಬಹುದು. ಅವರು ಕಡೆಯುವುದು ಹಾಲೆ ಮರ. ಮೃದು, ನಯ, ಗಂಟು ಕಡಿಮೆ. ತುಂಡುಗಳೂ ಸಣ್ಣವು. ಗೊಂಬೆಗೆ ಹೆಸರಾದ ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಮರ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅಂಥ ಮೈ ಬೇಕಾದರೆ ಬಾಯಿ ನಯವಾಗಿರಬೇಕು, ಇಂಗಾಲದ ಉಕ್ಕು ಅದಕ್ಕೆ ಬಹಳ ಚೆನ್ನ. ಅದು ಎಚ್‌ಎಸ್‌ಎಸ್‌ಗಿಂತ ಸುಲಭವಾಗಿ ಹರಿತವಾಗುತ್ತದೆ. ನಿಮ್ಮ ಕಡೆಯ ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ. ಅಲ್ಲಿ ಅದೇ ಉಳಿ ಹತ್ತು ನಿಮಿಷಕ್ಕೆ ಸಾಣೆ ಕೇಳುತ್ತದೆ. ಮರ ನೋಡಿ ಉಕ್ಕು ಆರಿಸಿ.

ಇಳಿಜಾರಿನ ಕೋನ ಹೇಳಿ ಮುಗಿಸುತ್ತೇನೆ. ಸ್ಕ್ರೇಪರ್‌ಗೆ 70ರಿಂದ 80 ಡಿಗ್ರಿ. ಸ್ಕ್ಯೂ ಉಳಿಗೆ (ಬಾಯಿ ಓರೆಯಾಗಿರುವ ಚಪ್ಪಟೆ ಉಳಿ) ಎರಡು ಇಳಿಜಾರೂ ಸೇರಿ 30ರ ಆಸುಪಾಸು, ಇಂಗಾಲದ ಉಕ್ಕಾದರೆ ಸ್ವಲ್ಪ ಜಾಸ್ತಿ ಇರಲಿ. ಬಟ್ಟಲಿನ ಗೌಜ್‌ಗೆ (ಉದ್ದಕ್ಕೂ ಕಾಲುವೆ ಇರುವ ಉಳಿ) 45ರಿಂದ 55. ಆದರೆ ಗೌಜ್ ಅನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಆ ಕಾಲುವೆ ಕೊರೆಯಲು ಮಿಲ್ಲಿಂಗ್ ಯಂತ್ರ ಬೇಕು. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ಒಂದು ಒಳ್ಳೆಯ ಎಚ್‌ಎಸ್‌ಎಸ್ ಬಟ್ಟಲು ಗೌಜ್ ಕೊಳ್ಳಿ, ಉಳಿದದ್ದನ್ನೆಲ್ಲ ಮಾಡಿಕೊಳ್ಳಿ. ಹಿಡಿಗೆ ದಿಂಡಿಗ ಅಥವಾ ಜಾಲಿ ಹಾಕಿ. ಕೊಡಲಿ ಕಾವಿಗೆ ಹಿರಿಯರು ಅವನ್ನು ಸುಮ್ನೆ ಆರಿಸಿರಲಿಲ್ಲ. ಹಿಡಿ 350 ಮಿ.ಮೀ. ಇರಲಿ, ಬಾಲ ಹೋಗುವ ಬಾಯಿಗೆ ಹಿತ್ತಾಳೆ ಪೈಪಿನ ಬಳೆ ತೊಡಿಸಿ. ಹಿಡಿ ನಿಮ್ಮದೇ ಲೇತ್‌ನಲ್ಲಿ ಕಡೆಯಬಹುದಲ್ಲ, ಹೊಸ ಉಳಿಗೆ ಅದೇ ಮೊದಲ ಕೆಲಸ ಆಗಲಿ.

ಇನ್ನು ಆ ಮುರಿದ ಅರ. ಬಾಲ ಇರುವ ತುಂಡನ್ನು ಮೇಲೆ ಹೇಳಿದ ಹಾಗೆ ಒವನ್‌ನಲ್ಲಿ ಹದ ಮಾಡಿ, ಹಲ್ಲು ತೆಗೆದು, ಗಿಡ್ಡ ಸ್ಕ್ರೇಪರ್ ಮಾಡಿ. ಗಿಡ್ಡದಾಗಿರುವುದರಿಂದ ಮುಂದಕ್ಕೆ ಚಾಚುವ ಆಸೆ ಬರುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಮೈ, ಸಣ್ಣ ಕುಂಕುಮದ ಭರಣಿಗೆ ಅದು ಸಾಕು. ಇನ್ನೊಂದು ತುಂಡಿನಿಂದ ಗುರುತು ಹಾಕುವ ಚಾಕು ಮಾಡಿ. ಅದನ್ನೂ 210 ಡಿಗ್ರಿಯಲ್ಲಿ ಹದ ಮಾಡಿದ ಮೇಲೆಯೇ ಸಾಣೆಗೆ ಒಯ್ಯಿರಿ. ಮುರಿದ ಅಂಚನ್ನು ಎರಡೂ ತುಂಡಿನಲ್ಲಿ 10 ಮಿ.ಮೀ.ಯಷ್ಟು ತೆಗೆದುಹಾಕಿ, ಅಲ್ಲಿ ಇನ್ನೂ ಸಣ್ಣ ಬಿರುಕು ಉಳಿದಿರುತ್ತವೆ.